ತಿರುವಿನ ಬೇವಿನ ಗಿಡ

ಮಲಪ್ರಭೆಯ ದಂಡೆಯ ಮೇಲೊಂದು ಆಶ್ರಮವಿತ್ತು. ಅಲ್ಲಿ ಅಡವಯ್ಯ ಎಂಬ ವೃದ್ಧ ಗುರುಗಳಿದ್ದರು. ಸುತ್ತಲಿನ ಜನ ಅವರನ್ನು ಅಜ್ಜಾರು ಎಂದು ಕರೆಯುತ್ತಿದ್ದರು.

ಅವರ ಬಳಿ ಕಲ್ಮೇಶ ಎಂಬ ಶಿಷ್ಯ ಬಂದು ಸೇರಿದ.

‘ಅಜ್ಜಾರ, ನಂಗ ಧ್ಯಾನ ಕಲಿಸ್ರಿ’ ಎಂದ.

ಅಜ್ಜಾರು ಕಾವಿ ಬಾವುಟ ಕಟ್ಟಿದ್ದ ಆಶ್ರಮದ ಬಿಳಿ ವ್ಯಾನಿನ ಕೀಲಿಯನ್ನು ಅವನ ಅಂಗೈಯಲ್ಲಿ ಇಟ್ಟರು. ‘ಗಾಡಿ ಹೊಡಿ.’

‘ಮತ್ತ ಧ್ಯಾನ?’

‘ಅದನ್ನೇ ಹೇಳಿದ್ನಲ್ಲ.’

ಕಲ್ಮೇಶನಿಗೆ ಅರ್ಥವಾಗಲಿಲ್ಲ. ಆದರೂ ಗಾಡಿ ಹೊಡೆದ. ದಾಸೋಹಕ್ಕೆ ಅಕ್ಕಿ, ಬೇಳೆ ತಂದ. ಭಕ್ತರನ್ನು ಬಸ್ ನಿಲ್ದಾಣಕ್ಕೆ ಬಿಟ್ಟುಬಂದ. ಜಡ್ಡು ಬಿದ್ದವರನ್ನು ಆಸ್ಪತ್ರೆಗೆ ಒಯ್ದ. ಕೆಲಸದಲ್ಲಿ ಚುರುಕು, ಮಾತಿನಲ್ಲಿ ವಿನಯ. ಅಜ್ಜಾರು ಆಶ್ರಮದ ಫೋನನ್ನೂ ಅವನಿಗೇ ಒಪ್ಪಿಸಿದರು.

ಫೋನಿಗೆ ಹಗಲೆಲ್ಲ ಮೆಸೇಜು ಬರುತ್ತಿದ್ದವು. ದರ್ಶನ ಎಷ್ಟು ಹೊತ್ತಿಗೆ, ಪ್ರಸಾದ ಇದೆಯೋ ಇಲ್ಲವೋ, ಮಗುವಿಗೆ ಹೆಸರಿಡಬೇಕು, ಯಾವಾಗ ಬರಲಿ. ಕಲ್ಮೇಶ ಯಾರನ್ನೂ ಕಾಯಿಸುತ್ತಿರಲಿಲ್ಲ. ಗಾಡಿ ಹೊಡೆಯುತ್ತಲೂ ಉತ್ತರ ಕಳಿಸುತ್ತಿದ್ದ. ಒಂದು ಕೈ ಸ್ಟೇರಿಂಗಿನ ಮೇಲೆ, ಇನ್ನೊಂದು ಕೈಯ ಹೆಬ್ಬೆರಳು ಫೋನಿನ ಮೇಲೆ.

ಅದನ್ನೂ ಸೇವೆಯೆಂದೇ ಅವನು ತಿಳಿದಿದ್ದ.

ಒಂದು ಸಂತೆಯ ದಿನ ಕಲ್ಮೇಶ ಭಕ್ತರನ್ನು ಪಟ್ಟಣಕ್ಕೆ ಬಿಟ್ಟು ಒಬ್ಬನೇ ಆಶ್ರಮಕ್ಕೆ ಮರಳಿದ. ವ್ಯಾನು ನಿಲ್ಲಿಸಿ, ಕೈಕಾಲು ತೊಳೆದು, ಊಟಕ್ಕೆ ಕೂತ. ಊಟ ಮುಗಿಸಿ ತಾಟು ತೊಳೆಯುತ್ತಿದ್ದಾಗ ಕುರಿ ಕಾಯುವವನೊಬ್ಬ ಏದುಸಿರು ಬಿಡುತ್ತ ಓಡಿ ಬಂದ.

‘ಗಾಡಿ ತಗೀರಿ! ದಾವಲಬಿ ತಿರುವಿನ ಹತ್ರ ಬಿದ್ದಾಳ. ಯಾವುದೋ ಗಾಡಿ ಹೊಡದು ಹೋಗೈತಿ.’

ದಾವಲಬಿ ಹೊಳೆಯ ದಂಡೆಯಲ್ಲಿ ಬದನೆ ಬೆಳೆಯುತ್ತಿದ್ದ ಹೆಣ್ಣುಮಗಳು. ಸಂತೆಯ ದಿನ ಬುಟ್ಟಿ ಹೊತ್ತು ಪಟ್ಟಣಕ್ಕೆ ನಡೆದು ಹೋಗಿ, ಮಾರಿ, ನಡೆದೇ ಬರುತ್ತಿದ್ದಳು. ಗಂಡ ತೀರಿ ಬಹಳ ಕಾಲವಾಗಿತ್ತು.

ಕಲ್ಮೇಶ ತಾಟು ಅಲ್ಲಿಯೇ ಬಿಟ್ಟು ವ್ಯಾನಿಗೆ ಓಡಿದ. ರಸ್ತೆಯ ಬದಿಯ ತಗ್ಗಿನಲ್ಲಿ ದಾವಲಬಿ ಬಿದ್ದಿದ್ದಳು. ಮಾರಾಟವಾಗದೆ ಉಳಿದಿದ್ದ ಬದನೆಕಾಯಿ ಡಾಂಬರಿನ ಮೇಲೆ ಜಜ್ಜಿಹೋಗಿದ್ದವು. ಅವನು ಅತ್ತಿತ್ತ ನೋಡದೆ ಅವಳನ್ನು ಎತ್ತಿ ವ್ಯಾನಿನಲ್ಲಿ ಮಲಗಿಸಿ, ಹಾರ್ನ್ ಒತ್ತುತ್ತಲೇ ಆಸ್ಪತ್ರೆ ಮುಟ್ಟಿಸಿದ.

ಜೀವ ಉಳಿಯಿತು. ಸೊಂಟದ ಎಲುಬು ಮುರಿದಿತ್ತು.

‘ಯಾರವ್ವಾ ಹೊಡದವರು?’ ಎಂದು ಪೊಲೀಸರು ಕೇಳಿದರು.

‘ಹಿಂದಿನಿಂದ ಬಂತ್ರಿ. ಏನೂ ಕಾಣಲಿಲ್ಲ.’

ಪೊಲೀಸರು ಕಲ್ಮೇಶನ ಕಡೆ ತಿರುಗಿದರು. ‘ನೀವೂ ಅದೇ ಹೊತ್ತಿಗೆ ಆ ದಾರಿಲೆ ಬಂದ್ರಂತಲ್ಲ. ಏನರ ನೋಡಿದ್ರೇನು?’

ಕಲ್ಮೇಶ ಹಣೆ ಉಜ್ಜಿಕೊಂಡ. ಆ ದಾರಿಯಲ್ಲಿ ಜೋರಾಗಿ ಗಾಡಿ ಹೊಡೆಯುವವನು ಒಬ್ಬನೇ. ಯಮನೂರಿ. ಕಬ್ಬಿನ ಟ್ರ್ಯಾಕ್ಟರಿನವನು. ಹಿಂದೆ ಎರಡು ಟ್ರೇಲರು, ಮುಂದೆ ಕಿವಿ ಕಿತ್ತುಹೋಗುವ ಹಾಡು. ಅವನ ಬಗ್ಗೆ ಊರಿನಲ್ಲಿ ಯಾರೂ ಒಳ್ಳೆಯ ಮಾತು ಆಡುತ್ತಿರಲಿಲ್ಲ.

‘ಯಮನೂರಿ ಟ್ರ್ಯಾಕ್ಟರ್ ನೋಡಿದೆ ಸಾಹೇಬ್ರ’ ಎಂದ ಕಲ್ಮೇಶ. ‘ತಿರುವಿನ ಬೇವಿನ ಗಿಡದ ಹತ್ರ. ಜೋರ ಹೊಂಟಿದ್ದ.’

‘ಖರೇನಾ?’

‘ಕಣ್ಣಾರೆ ನೋಡೀನ್ರಿ.’

ಸಂಜೆಯ ಹೊತ್ತಿಗೆ ಯಮನೂರಿಯನ್ನು ಠಾಣೆಗೆ ಕರೆದೊಯ್ದರು. ದಾರಿಯಲ್ಲಿ ಜನ ಅವನ ಅಂಗಿ ಹರಿದರು.

ಕಲ್ಮೇಶ ಆಶ್ರಮಕ್ಕೆ ಬಂದು ನಡೆದದ್ದನ್ನೆಲ್ಲ ಹೇಳಿದ. ಅಜ್ಜಾರು ಕೇಳಿದರು.

‘ಎಲ್ಲಿ ನೋಡಿದಿ ಅಂದಿ?’

‘ಬೇವಿನ ಗಿಡದ ಹತ್ರ ರಿ.’

ಅಜ್ಜಾರು ತಲೆಯೆತ್ತಿ ಅವನ ಮುಖವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಎದ್ದು ಒಳಗೆ ಹೋದರು.

ಮರುದಿನ ಯಮನೂರಿಯ ಹೆಂಡತಿ ನೀಲವ್ವ ಆಶ್ರಮದ ಬಾಗಿಲಿಗೆ ಬಂದಳು. ಅತ್ತು ಅತ್ತು ಅವಳ ದನಿ ಉಡುಗಿತ್ತು.

‘ಅಜ್ಜಾರ, ನನ ಗಂಡ ಜೋರ ಹೊಡೀತಾನ. ಇಲ್ಲ ಅನ್ನೂದಿಲ್ಲ. ಆದ್ರ ಆವತ್ತು ಟ್ರ್ಯಾಕ್ಟರ್ ಕಬ್ಬಿನ ಹೊಲದಾಗ ಹುಗದಿತ್ತು. ನಾನೂ ಅಲ್ಲೇ ಇದ್ದೆ. ಗಾಲಿ ಕೆಳಗ ಕಲ್ಲು ಹಾಕಿ ಎಬ್ಬಿಸಾಕತ್ತಿದ್ವಿ. ರಸ್ತೆ ಮುಖಾನ ನೋಡಿಲ್ಲ ನಾವು.’

‘ಪೊಲೀಸರಿಗೆ ಹೇಳಿದೇನು?’

‘ಹೇಳಿದೆ. ಮಠದವರು ನೋಡ್ಯಾರಂತ, ನೀ ಸುಮ್ನ ಹೋಗು ಅಂದ್ರು.’

ಅವಳು ಕಲ್ಮೇಶನ ಕಡೆ ತಿರುಗಿದಳು. ‘ಅಣ್ಣಾರ, ನನ್ನ ಮುಖ ನೋಡಿ ಹೇಳ್ರಿ. ನೋಡೀರಿ?’

‘ನೋಡೀನಿ’ ಎಂದ ಕಲ್ಮೇಶ.

ಅವಳು ಹೋದ ಮೇಲೆ ಅವನೇ ಮಾತು ತೆಗೆದ. ‘ಗಂಡನ್ನ ಉಳಿಸಾಕ ಹೇಳ್ತಾಳ್ರಿ. ನಂಗ ಅನುಮಾನಾನ ಇಲ್ಲ.’

‘ಯಮನೂರಿ ಹಾಡು ಹರದಾರಿ ದೂರ ಕೇಳ್ತೈತಿ’ ಎಂದರು ಅಜ್ಜಾರು. ‘ದಾವಲಬಿಗೆ ಕೇಳಲಿಲ್ಲೇನು?’

‘ಆವತ್ತು ಬಂದ್ ಮಾಡಿದ್ದ ಕಾಣಸ್ತೈತಿ.’

‘ನಿಂಗ ಕೇಳಿಸ್ತೇನು?’

ಕಲ್ಮೇಶ ತಡವರಿಸಿದ. ‘ಲಕ್ಷ್ಯ ಕೊಡಲಿಲ್ರಿ.’

‘ಹೂಂ.’

ಆ ಒಂದು ಹೂಂ ಕಲ್ಮೇಶನ ಎದೆಯಲ್ಲಿ ಮುಳ್ಳಿನಂತೆ ಕೂತಿತು. ಅಂದಿನಿಂದ ಅವನಿಗೆ ಅಜ್ಜಾರ ನೋಟವೇ ಬೇರೆಯಾಗಿ ಕಂಡಿತು. ವ್ಯಾನು ತೊಳೆಯುವಾಗ ಅಜ್ಜಾರು ನಿಂತು ನೋಡುತ್ತಿದ್ದರು. ಫೋನು ಗುಂಯ್ ಎಂದರೆ ಕಣ್ಣು ಅತ್ತ ಹೊರಳಿಸುತ್ತಿದ್ದರು.

ಕಲ್ಮೇಶನಿಗೆ ತಡೆಯಲಾಗಲಿಲ್ಲ.

‘ಅಜ್ಜಾರ, ನನ್ನ ಮ್ಯಾಲ ಅನುಮಾನ ಐತೇನ್ರಿ?’

‘ಐತಿ.’

‘ಏನಂತ?’

‘ಅದು ಇನ್ನೂ ನಂಗೂ ಗೊತ್ತಾಗಿಲ್ಲ. ಗಾಡಿ ತಗಿ. ದಾವಲಬಿನ್ನ ನೋಡಿಬರೂಣು.’

ಅಜ್ಜಾರು ವ್ಯಾನು ಹತ್ತುವುದು ಅಪರೂಪ. ಹತ್ತಿದರೂ ಹಿಂದೆ ಕೂರುತ್ತಿದ್ದರು. ಅಂದು ಮುಂದಿನ ಸೀಟಿನಲ್ಲಿ, ಕಲ್ಮೇಶನ ಪಕ್ಕದಲ್ಲಿ ಕೂತರು. ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ದಾರಿ ನೋಡುತ್ತಿದ್ದರು.

ಆಶ್ರಮದ ದಾರಿ ದಾಟಿ ಡಾಂಬರು ರಸ್ತೆಗೆ ಬಂದದ್ದೇ ಫೋನು ಗುಂಯ್ ಎಂದಿತು.

ಕಲ್ಮೇಶ ಅಜ್ಜಾರ ಕಡೆ ಓರೆಗಣ್ಣಿನಿಂದ ನೋಡಿದ. ಅವರ ಕಣ್ಣು ದಾರಿಯ ಮೇಲೇ ಇತ್ತು. ಅವನು ಸ್ವಲ್ಪ ಹೊತ್ತು ತಡೆದ. ಮತ್ತೆ ಗುಂಯ್ ಎಂದಿತು. ಯಾರೋ ಪಾಪ ಕಾಯುತ್ತಿರಬೇಕು. ಅವನ ಕೈ ತಾನಾಗಿ ಹೋಯಿತು. ಓದಿದ. ಹೆಬ್ಬೆರಳಿನಿಂದ ಉತ್ತರ ಒತ್ತಿದ. ರಸ್ತೆ ನೇರವಾಗಿತ್ತು, ಗಾಡಿಯೂ ನೇರವಾಗಿಯೇ ಹೋಗುತ್ತಿತ್ತು. ತಿರುವು ಬಂದಾಗ ಕೈ ರೂಢಿಯಂತೆ ಸ್ಟೇರಿಂಗ್ ತಿರುಗಿಸಿತು.

ಅಜ್ಜಾರು ಎರಡೂ ಕೈಯಿಂದ ಸೀಟಿನ ಅಂಚು ಬಿಗಿಯಾಗಿ ಹಿಡಿದಿದ್ದರು.

ಆಸ್ಪತ್ರೆಯಲ್ಲಿ ದಾವಲಬಿ ಅಜ್ಜಾರನ್ನು ಕಂಡು ಏಳಲು ಹೋಗಿ, ನೋವಿನಿಂದ ಹಲ್ಲು ಕಚ್ಚಿದಳು. ಅಜ್ಜಾರು ಅವಳ ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಕೂತರು. ಕಲ್ಮೇಶ ಆಶ್ರಮದಿಂದ ತಂದ ಗಂಜಿಯನ್ನು ಲೋಟಕ್ಕೆ ಬಗ್ಗಿಸಿ ಕೊಟ್ಟ.

‘ಈ ಮಗಾ ಇರದಿದ್ರ ನಾ ಅಲ್ಲೇ ಹೋಗ್ತಿದ್ದೆ ಅಜ್ಜಾರ’ ಎಂದಳು ಅವಳು.

‘ರಸ್ತೆ ಮ್ಯಾಲ ನಿಂತಿದ್ದಿ ಅಂತ ಕೇಳಿದೆ, ಯಾಕವ್ವಾ?’

‘ದಮ್ಮು ಹತ್ತಿತ್ತು. ಬುಟ್ಟಿ ಇಳಿಸೋಣ ಅಂದ್ರ ಜಾಗ ಎಲ್ಲೈತಿ? ಮೊದಲ ಗಿಡದ ಬುಡಕ್ಕ ಹೋಗಿ ಕೂಡ್ತಿದ್ದೆ. ಆ ಗಿಡ ಕಡದ ಮ್ಯಾಲ ನೆರಳೂ ಇಲ್ಲ, ಏನೂ ಇಲ್ಲ.’

‘ಯಾವ ಗಿಡ?’ ಎಂದ ಕಲ್ಮೇಶ.

‘ಬೇವಿನ ಗಿಡ. ತಿರುವಿನ್ಯಾಗಿತ್ತಲ್ಲ.’

ಕಲ್ಮೇಶ ನಕ್ಕ. ‘ಅದು ಅಲ್ಲೇ ಐತಲ್ಲವ್ವಾ. ಈಗ ನೋಡಿಕೊಂಡ ಬಂದೆ.’

ದಾವಲಬಿ ಅವನನ್ನು ವಿಚಿತ್ರವಾಗಿ ನೋಡಿದಳು. ‘ಕಳೆದ ಅಮಾಸಿ ಮುಂದನ ಕಡದ್ರಲ್ಲೋ. ರಸ್ತೆ ಅಗಲ ಮಾಡ್ತಾರಂತ. ಕಟಗಿ ಹೇರಿಕೊಂಡ ಹೋಗೂದನ್ನ ನಾನ ನಿಂತು ನೋಡೀನಿ.’

ಕಲ್ಮೇಶನ ನಗು ಅಲ್ಲೇ ನಿಂತಿತು. ಅವನು ಅಜ್ಜಾರ ಕಡೆ ನೋಡಿದ. ಅಜ್ಜಾರು ನೆಲ ನೋಡುತ್ತಿದ್ದರು.

ಮರಳುವಾಗ ಅವನು ಫೋನು ಮುಟ್ಟಲಿಲ್ಲ. ಗಾಡಿ ಮೆಲ್ಲಗೆ ಹೊಡೆದ. ತಿರುವು ಬಂತು. ಗಾಡಿ ನಿಲ್ಲಿಸಿ ಇಳಿದ.

ಮರ ಇರಲಿಲ್ಲ.

ಮೊಣಕಾಲೆತ್ತರದ ಬೊಡ್ಡೆ ಇತ್ತು. ಕೊಯ್ದ ಮೈ ಆಗಲೇ ಕಪ್ಪಾಗಿತ್ತು. ಸುತ್ತ ಬಿಸಿಲು ಬಟಾಬಯಲಾಗಿ ಬಿದ್ದಿತ್ತು. ದಿನಾ ಹೋಗಿಬರುವ ದಾರಿ ಅದು. ಅವನು ನಿಂತ ನೆಲ ಅವನಿಗೆ ಹೊಸದಾಗಿ ಕಂಡಿತು.

ಅಜ್ಜಾರೂ ಇಳಿದು ಬಂದು ಪಕ್ಕದಲ್ಲಿ ನಿಂತರು.

‘ನೋಡಿದ್ದೆ ರಿ’ ಎಂದ ಕಲ್ಮೇಶ. ಅವನ ದನಿ ಅವನಿಗೇ ನಂಬಿಕೆ ಹುಟ್ಟಿಸಲಿಲ್ಲ. ‘ಕಣ್ಣಿಗೆ ಕಟ್ಟಿದಂಗ ಐತಿ. ಗಿಡ, ನೆರಳು, ಎಲ್ಲಾ.’

‘ಹೌದು. ಇಲ್ಲದ ಗಿಡ ನೋಡಿದಿ.’

ಅಜ್ಜಾರು ಬೊಡ್ಡೆಯ ಕಡೆ ಕೈ ಮಾಡಿದರು.

‘ಇಲ್ಲದ ಗಿಡ ಕಂಡ ಕಣ್ಣಿಗೆ ಇಲ್ಲದ ಟ್ರ್ಯಾಕ್ಟರ್ ಕಾಣಾಕ ಏನು ತ್ರಾಸು?’

ಕಲ್ಮೇಶ ಬೊಡ್ಡೆಯ ಮೇಲೆ ಕುಸಿದು ಕೂತ.

‘ಆವತ್ತು ಇಲ್ಲಿ ಬರುವಾಗ ಏನು ಮಾಡಾಕತ್ತಿದ್ದಿ?’ ಎಂದು ಕೇಳಿದರು ಅಜ್ಜಾರು.

‘ಮೆಸೇಜು… ಉತ್ತರ ಬರಿಯಾಕತ್ತಿದ್ದೆ.’

‘ಏನು ಬಂದಿತ್ತು?’

‘ಗದಗದಿಂದ ಒಬ್ರು. ಹುಣ್ಣಿವಿಗೆ ಪ್ರಸಾದ ಇರ್ತದೇನ್ರಿ, ನಾವು ಹನ್ನೊಂದು ಮಂದಿ ಬರ್ತೀವಿ ಅಂತ ಕೇಳಿದ್ರು. ಇರ್ತದ, ಧಾರಾಳ ಬರ್ರಿ ಅಂತ ಬರದೆ.’

‘ಅಕ್ಷರ ಬಿಡದ ನೆನಪೈತಿ.’

‘ಐತ್ರಿ.’

‘ದಾರಿ?’

ಕಲ್ಮೇಶ ಕಣ್ಣು ಮುಚ್ಚಿಕೊಂಡ. ಪಟ್ಟಣ ಬಿಟ್ಟದ್ದು ನೆನಪಿತ್ತು. ಆಶ್ರಮದ ಬಾಗಿಲು ನೆನಪಿತ್ತು. ನಡುವೆ ಇದ್ದದ್ದು ಫೋನಿನ ಬೆಳಕು. ಆ ಬೆಳಕಿನ ಅಂಚಿಗೆ ಯಾರಿದ್ದರು, ಏನಿತ್ತು, ಯಾವ ಬಣ್ಣ, ಯಾವ ಸದ್ದು, ಒಂದೂ ಇರಲಿಲ್ಲ. ಆ ಖಾಲಿ ಜಾಗದಲ್ಲಿ ಅವನ ಮನಸ್ಸು ಒಂದು ಹಳೆಯ ಮರ ನೆಟ್ಟಿತ್ತು. ತನಗೆ ಆಗದವನೊಬ್ಬನ ಟ್ರ್ಯಾಕ್ಟರನ್ನು ತಂದು ಅದರ ಕೆಳಗೆ ನಿಲ್ಲಿಸಿತ್ತು.

ಅವನು ಕಣ್ಣು ತೆರೆದಾಗ ಎದುರಿಗೆ ವ್ಯಾನು ನಿಂತಿತ್ತು. ಎಡಗಡೆಯ ಕನ್ನಡಿ ಒಳಕ್ಕೆ ಮಡಚಿಕೊಂಡಿತ್ತು.

ಅವನು ಎದ್ದು ಹೋಗಿ ಅದನ್ನು ಮುಟ್ಟಿದ. ಕನ್ನಡಿ ಯಾವಾಗ ಮಡಚಿತು? ಬಸ್ ನಿಲ್ದಾಣದಲ್ಲಿ ಯಾರಾದರೂ ಸರಿಸಿದರೋ? ನಿನ್ನೆಯೋ, ಆವತ್ತೋ? ಯಾವುದಕ್ಕಾದರೂ ತಾಗಿತೋ? ಬಾಗಿಲಿನ ಮೇಲೊಂದು ಗೀರು. ಹಳೆಯದೋ ಹೊಸದೋ?

ಅವನು ಗೀರಿನ ಮೇಲೆ ಬೆರಳಾಡಿಸಿದ.

‘ಅಜ್ಜಾರ’ ಎಂದ. ‘ನಾನಾ ಹೊಡದಿರಬಹುದೇನ್ರಿ?’

‘ನನ್ನ ಯಾಕ ಕೇಳ್ತಿ? ಗಾಡ್ಯಾಗ ಇದ್ದಾಂವ ನೀನು.’

‘ಗೊತ್ತಿಲ್ರಿ.’

‘ಹೌದು ಅನ್ನು.’

‘ಹೆಂಗನ್ನಲ್ರಿ? ನಂಗ ಗೊತ್ತಿಲ್ಲ.’

‘ಇಲ್ಲ ಅನ್ನು.’

ಕಲ್ಮೇಶ ಬಾಯಿ ತೆರೆದ. ಇಲ್ಲ ಎಂಬ ಅಷ್ಟು ಸಣ್ಣ ಮಾತು ಬರಲಿಲ್ಲ.

ಅಜ್ಜಾರು ಕೈ ಚಾಚಿದರು. ಅವನು ಫೋನು ಕೊಟ್ಟ. ಅವರು ಅದನ್ನು ಬಂದ್ ಮಾಡಿ ಶಲ್ಯದ ಅಂಚಿಗೆ ಕಟ್ಟಿಕೊಂಡರು.

‘ಇದನ್ನ ನಿನ್ನ ಕೈಯಾಗ ಕೊಟ್ಟಾಂವ ನಾನು’ ಎಂದರು. ‘ತಟ್ಟನ ಉತ್ತರ ಬರ್ತಾವು, ನಿಮ್ಮ ಹುಡುಗ ಭಾಳ ಹುಷಾರ ಅಂತ ಮಂದಿ ಅಂದಾಗ ಹಿಗ್ಗಿದೆ. ಗಾಡಿ ಹೊಡಕೋತ ಹೆಂಗ ಬರೀತಿ ಅಂತ ಒಂದಿನಾ ಕೇಳಲಿಲ್ಲ. ನಡಿ, ಠಾಣೆಗೆ ಹೋಗೂಣು.’

ಠಾಣೆಯಲ್ಲಿ ಅಜ್ಜಾರು ಹೊರಗಿನ ಬೆಂಚಿನ ಮೇಲೆ ಕೂತರು. ಒಳಗೆ ಬರಲಿಲ್ಲ.

‘ಸಾಹೇಬ್ರ, ನಾ ಯಮನೂರಿನ್ನ ನೋಡಿಲ್ಲ’ ಎಂದ ಕಲ್ಮೇಶ.

‘ಕಣ್ಣಾರೆ ನೋಡೀನಿ ಅಂದಿದ್ರಿ.’

‘ನೋಡೀನಿ ಅಂತ ತಿಳಿದಿದ್ದೆ. ಆದ್ರ ನನ್ನ ಕಣ್ಣು ಫೋನಿನ ಮ್ಯಾಲ ಇದ್ವು.’

ಸಾಹೇಬರು ಪೆನ್ನು ಕೆಳಗಿಟ್ಟರು. ‘ಹಂಗಾದ್ರ ಹೊಡದವರು ಯಾರು?’

‘ಗೊತ್ತಿಲ್ರಿ.’

‘ನೀವೇನಾ?’

‘ಅದೂ ಗೊತ್ತಿಲ್ರಿ.’

‘ಅಂದ್ರ? ಒಂದು ಹೆಣ್ಣುಮಗಳಿಗೆ ಗಾಡಿ ಹೊಡದ್ರ ಗೊತ್ತಾಗೂದಿಲ್ಲೇನು?’

‘ಆ ರಸ್ತೆ ತುಂಬ ತಗ್ಗು-ದಿನ್ನಿ ಸಾಹೇಬ್ರ. ಗಾಡಿ ಎಷ್ಟೋ ಕಡೆ ಎಗರತೈತಿ. ನಾ ಎಲ್ಲಿ ಎಗರಿತು ಅಂತ ನೋಡಿಲ್ಲ.’

ಸಾಹೇಬರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಅದುವರೆಗೆ ಅವರು ಅವನನ್ನು ನೋಡುತ್ತಿದ್ದ ರೀತಿ ಬೇರೆ ಇತ್ತು. ವ್ಯಾನನ್ನು ಪರೀಕ್ಷೆಗೆಂದು ಠಾಣೆಯ ಅಂಗಳದಲ್ಲೇ ನಿಲ್ಲಿಸಿಕೊಂಡರು. ಯಮನೂರಿಯನ್ನು ಬಿಟ್ಟರು.

ಯಮನೂರಿ ಹರಿದ ಅಂಗಿಯಲ್ಲೇ ಹೊರಬಂದ. ಕಲ್ಮೇಶ ಅವನ ಎದುರು ಕೈ ಮುಗಿದು ನಿಂತ. ಹೊಡೆಯುತ್ತಾನೆ ಎಂದುಕೊಂಡಿದ್ದ. ಹೊಡೆದರೆ ಹಗುರಾಗುತ್ತಿತ್ತು.

ಯಮನೂರಿ ಹೊಡೆಯಲಿಲ್ಲ.

‘ಕಲ್ಮೇಶಣ್ಣ, ಆವತ್ತು ನಾ ಹೊಲದಾಗಿದ್ದೆ’ ಎಂದ. ‘ಅದು ನಂಗ ಪಕ್ಕಾ ಗೊತ್ತಿತ್ತು. ಆದ್ರ ಮಠದ ಕಲ್ಮೇಶಣ್ಣ ನೋಡ್ಯಾನ ಅಂತ ಅಂದಾಗ, ನನ್ನ ಮ್ಯಾಲ ನಂಗ ಅನುಮಾನ ಬಂತು. ನಾನಾ ಹೊಡದೆನೇನು, ಮರತೆನೇನು ಅಂತ ಕುಂತಲ್ಲೇ ಲೆಕ್ಕ ಹಾಕಿದೆ.’

ಅಷ್ಟು ಹೇಳಿ ಅವನು ಹೊರಟುಹೋದ. ನೀಲವ್ವ ಗೇಟಿನ ಹೊರಗೆ ಕಾಯುತ್ತಿದ್ದಳು. ಅವಳು ಕಲ್ಮೇಶನ ಕಡೆ ತಿರುಗಿಯೂ ನೋಡಲಿಲ್ಲ.

ಅಜ್ಜಾರೂ ಶಿಷ್ಯನೂ ಬಸ್ಸಿನಲ್ಲಿ ಮರಳಿದರು.

ಮರುದಿನ ಕಲ್ಮೇಶ ಗಂಜಿ ತೆಗೆದುಕೊಂಡು ಒಬ್ಬನೇ ಆಸ್ಪತ್ರೆಗೆ ಹೋದ. ದಾವಲಬಿ ಲೋಟವನ್ನು ಬಾಯಿಗೆ ಹಚ್ಚಿದ್ದಳು.

‘ಅವ್ವಾ, ಯಮನೂರಿ ಅಲ್ಲ. ನಾನೂ ಇರಬಹುದು.’

‘ಏನು?’

‘ನಿನಗ ಹೊಡದಾಂವ. ನಾನೂ ಇರಬಹುದು. ನಾ ಫೋನ್ ನೋಡಿಕೋತ ಬಂದೆ.’

ಅವಳು ಅವನನ್ನು ನೋಡಿದಳು. ಲೋಟವನ್ನು ನೋಡಿದಳು. ಅರ್ಧ ಗಂಜಿ ಉಳಿದಿತ್ತು. ಅದನ್ನು ಮೆಲ್ಲಗೆ ಪಕ್ಕದ ಕಟ್ಟೆಯ ಮೇಲಿಟ್ಟು, ಸೆರಗಿನಿಂದ ಬಾಯಿ ಒರೆಸಿಕೊಂಡು, ಗೋಡೆಯ ಕಡೆ ಮುಖ ಮಾಡಿದಳು.

ಕಲ್ಮೇಶ ಲೋಟ ಎತ್ತಿಕೊಂಡ. ಅವಳು ಈಚೆ ತಿರುಗಲಿಲ್ಲ.

ಆಶ್ರಮಕ್ಕೆ ಬಂದು ಅವನು ಅಜ್ಜಾರ ಕಾಲ ಬಳಿ ಕೂತ. ‘ನಾ ಏನು ಮಾಡ್ಲಿ ರಿ?’

‘ಆಕಿ ಹೊಲದಾಗ ಬದನಿಕಾಯಿ ಬಲೀತಾವು. ಹರಿಯವರು ಯಾರು?’

‘ಯಾರೂ ಇಲ್ಲ.’

‘ಸಂತಿಗೆ ಹೊರವರು?’

ಕಲ್ಮೇಶ ಎದ್ದ.

ಅಂದಿನಿಂದ ಅವನು ಬದನೆ ಹರಿದ. ಬುಟ್ಟಿ ತಲೆಯ ಮೇಲೆ ಹೊತ್ತು ಅದೇ ರಸ್ತೆಯ ಅಂಚಿನಲ್ಲಿ ನಡೆದು ಪಟ್ಟಣಕ್ಕೆ ಹೋದ. ಮಾರಿ ಬಂದ ಹಣವನ್ನು ಆಸ್ಪತ್ರೆಯ ದಾದಿಯ ಕೈಗೆ ಕೊಟ್ಟು, ನಡೆದೇ ಬಂದ.

ವ್ಯಾನಿನೊಳಗಿಂದ ಆ ರಸ್ತೆ ಅಗಲವಾಗಿತ್ತು. ನಡೆಯುವವನಿಗೆ ಅಂಗೈಯಗಲದ ಅಂಚು ಅಷ್ಟೇ. ಒಂದು ಕಡೆ ಗಾಲಿ, ಇನ್ನೊಂದು ಕಡೆ ತಗ್ಗು.

ಮೊದಲ ದಿನ ಹಿಂದಿನಿಂದ ಒಂದು ಗಾಡಿಯ ಸದ್ದು ಬಂದಾಗ ಅವನ ಹೆಜ್ಜೆ ತಡೆಯಿತು. ಅದರೊಳಗಿರುವವನು ನನ್ನನ್ನು ನೋಡಿದ್ದಾನೋ? ಬುಟ್ಟಿ ಹೊತ್ತವನು ಕುತ್ತಿಗೆ ತಿರುಗಿಸುವಂತಿಲ್ಲ. ಇಡೀ ಮೈ ತಿರುಗಿಸಿ ನಿಂತ. ಗಾಡಿ ಅವನ ಮೊಣಕೈ ಸವರಿದಂತೆ ದಾಟಿತು. ಗಾಳಿಗೆ ಬುಟ್ಟಿ ವಾಲಿತು.

ಬರಬರುತ್ತ ಅವನಿಗೆ ಯಾವ ಗಾಡಿಯ ಮೇಲೂ ನಂಬಿಕೆ ಉಳಿಯಲಿಲ್ಲ. ಸದ್ದು ಕೇಳಿದರೆ ನಿಲ್ಲುತ್ತಿದ್ದ. ತಿರುಗುತ್ತಿದ್ದ. ಚಾಲಕರ ಮುಖ ಹುಡುಕುತ್ತಿದ್ದ. ಕೆಲವರ ಮುಖ ಕಾಣುತ್ತಿತ್ತು. ಕೆಲವರದು ಕಾಣುತ್ತಿರಲಿಲ್ಲ, ನೆತ್ತಿಯ ಕೂದಲು ಮಾತ್ರ ಕಾಣುತ್ತಿತ್ತು. ಅಂಥ ಗಾಡಿ ಬಂದಾಗ ಅವನು ಬುಟ್ಟಿಯ ಸಮೇತ ತಗ್ಗಿಗೆ ಇಳಿದುಬಿಡುತ್ತಿದ್ದ.

ಒಮ್ಮೆ ಸೂಟು ಹಾಕಿದ ಒಬ್ಬರು ಕಾರು ನಿಧಾನ ಮಾಡಿ, ‘ಯಾಕಪ್ಪಾ, ಹುಚ್ಚನಂಗ ಹಾರ್ತಿ?’ ಎಂದು ನಕ್ಕು ಹೋದರು. ಅವರ ಕೈಯಲ್ಲಿ ಫೋನು ಇತ್ತು.

ಸಂಜೆ ಅವನು ಅಜ್ಜಾರಿಗೆ ಹೇಳಿದ. ‘ದಾರಿಗೆ ಹೋಗಾಕ ಅಂಜಿಕಿ ಆಗ್ತೈತ್ರಿ. ಎಲ್ಲಾರ ಮ್ಯಾಲೂ ಅನುಮಾನ.’

‘ಮೊದಲ ಯಾರ ಮ್ಯಾಲ ಇತ್ತು?’

‘ಯಮನೂರಿ ಮ್ಯಾಲ.’

‘ಆಮ್ಯಾಲ?’

‘ನನ್ನ ಮ್ಯಾಲ.’

‘ಈಗ ಎಲ್ಲಾರ ಮ್ಯಾಲ. ಚೊಲೋ ಆತು. ನಾಳೆ ಸಂತಿ ಐತಿ, ಮಕ್ಕೋ.’

ಜನರೂ ಅವನನ್ನು ಅನುಮಾನದಿಂದಲೇ ನೋಡುತ್ತಿದ್ದರು. ಆಶ್ರಮಕ್ಕೆ ಬರುವವರು ಅವನು ಬಡಿಸಿದರೆ ತಾಟಿನ ಮೇಲೆ ಕೈ ಅಡ್ಡ ಹಿಡಿದು ಸಾಕು ಎನ್ನುತ್ತಿದ್ದರು. ಸಂತೆಯಲ್ಲಿ ಅವನ ಬೆನ್ನ ಹಿಂದೆ ಮಾತು ತಗ್ಗುತ್ತಿತ್ತು. ಅವನು ನಾನಲ್ಲ ಎನ್ನಲಿಲ್ಲ. ನಾನೇ ಎಂದೂ ಅನ್ನಲಿಲ್ಲ. ಬುಟ್ಟಿ ಇಳಿಸಿ, ಬದನೆಕಾಯಿ ಹರಡಿ ಕೂರುತ್ತಿದ್ದ.

ದಾವಲಬಿ ಮನೆಗೆ ಬಂದಳು. ಗೋಡೆ ಹಿಡಿದು ನಿಲ್ಲುವಷ್ಟಾದಳು. ಅವನು ಬುಟ್ಟಿ ಒಯ್ಯಲು ಬಂದಾಗ ಒಳಗಿನಿಂದಲೇ, ‘ಎಳೀವು ಹರೀಬ್ಯಾಡ’ ಎನ್ನುತ್ತಿದ್ದಳು. ಅಷ್ಟೇ ಮಾತು.

ಒಂದು ದಿನ ಅವನು ಸಂತೆ ಮುಗಿಸಿ ಬಂದಾಗ ಆಶ್ರಮದ ಅಂಗಳದಲ್ಲಿ ವ್ಯಾನು ನಿಂತಿತ್ತು. ಅದನ್ನು ತಂದ ಪೊಲೀಸು ಕಟ್ಟೆಯ ಮೇಲೆ ನೀರು ಕುಡಿಯುತ್ತ ಕೂತಿದ್ದ.

‘ಸಿಕ್ಕ’ ಎಂದ ಪೊಲೀಸು. ‘ಹೊಡದಾಂವ ಸಿಕ್ಕ. ಸಿಕ್ಕ ಅನ್ನೂದಕ್ಕಿಂತ ತಾನ ಬಂದ. ಹಾಲಿನ ಗಾಡಿ ಹುಡುಗ, ಮುಂದಿನ ತಾಲೂಕಿನಾಂವ. ಅನ್ನ ಇಳೀವಲ್ದು, ನಿದ್ದಿ ಬರವಲ್ದು ಅಂತ ಅಳಕೋತ ಬಂದು ನಿಂತ. ಗಾಡಿ ಮ್ಯಾಲ ಗುರುತೂ ಅದಾವು. ನೀವಲ್ಲ, ತಗೋರಿ ಕೀಲಿ.’

ಕಲ್ಮೇಶ ಕೀಲಿ ತೆಗೆದುಕೊಂಡು, ಪೊಲೀಸಿನವನಿಂದ ಎಲ್ಲವನ್ನೂ ಕೇಳಿ ತಿಳಿದ. ಆಮೇಲೆ ಬುಟ್ಟಿಯನ್ನು ಅಲ್ಲೇ ಬಿಟ್ಟು ಹೊಳೆಯ ಕಡೆ ಓಡಿದ.

ಅಜ್ಜಾರು ನೀರಿನಲ್ಲಿ ನಿಂತು ಧೋತರ ಹಿಂಡುತ್ತಿದ್ದರು.

‘ಅಜ್ಜಾರ! ನಾನಲ್ರಿ! ನಾನಲ್ಲ!’

ಅವನ ಕಣ್ಣಲ್ಲಿ ನೀರು ಹರಿಯುತ್ತಿತ್ತು. ನಗುತ್ತಲೂ ಇದ್ದ. ದಂಡೆಯ ಮರಳಿನಲ್ಲಿ ಕುಕ್ಕರಿಸಿ, ಮುಖ ಮುಚ್ಚಿಕೊಂಡು ಅತ್ತ.

ಅಜ್ಜಾರು ನೀರಿನಿಂದ ದಂಡೆಗೆ ಬಂದರು.

‘ಯಾರಂತ?’ ಎಂದರು ಆಮೇಲೆ.

‘ಹಾಲಿನ ಗಾಡಿ ಹುಡುಗಂತ್ರಿ. ಅವನೂ ಫೋನ್ ನೋಡಾಕತ್ತಿದ್ನಂತ. ಮನಿಯಿಂದ ಮೆಸೇಜು ಬಂದಿತ್ತಂತ. ತಲಿ ಎತ್ತೂದ್ರಾಗ ದಾವಲಬಿ ಎದುರಿಗೇ ಇದ್ಲಂತ.’

‘ಹೊಡದಾಂವ ನಿಲ್ಲಲಿಲ್ಲ ಯಾಕ?’

‘ನಿಲ್ಲಾಕ ಬ್ರೇಕ್ ಒತ್ತಿದ್ನಂತ್ರಿ. ಕನ್ನಡ್ಯಾಗ ನೋಡಿದ್ರ ಹಿಂದ ಒಂದು ವ್ಯಾನ್ ಬರಾಕತ್ತಿತ್ತಂತ. ಅವರು ನೋಡ್ತಾರ, ಎತ್ತಿಕೊಂಡು ಆಸ್ಪತ್ರಿಗೆ ಒಯ್ತಾರ ಅಂತ…’

ಕಲ್ಮೇಶನ ಮಾತು ಅಲ್ಲಿಗೆ ತುಂಡಾಯಿತು.

ಹೊಳೆ ಹರಿಯುತ್ತಿತ್ತು. ಅಜ್ಜಾರು ಧೋತರವನ್ನು ಕೊಡವಿ ಬಂಡೆಯ ಮೇಲೆ ಹಾಸಿದರು.

‘ಯಾವ ವ್ಯಾನ್?’ ಎಂದರು.

‘ಬಿಳೀದು.’

‘ಮತ್ತ?’

‘ಮುಂದ ಕಾವಿ ಬಾವುಟ ಇತ್ತಂತ.’

‘ಯಾರದು?’

‘ನಮ್ಮದ್ರಿ.’

‘ಆಕಿ ಬಿದ್ದದ್ದು ನೋಡಿದೇನು?’

‘ಇಲ್ಲ.’

ಈ ಸಲ ಆ ಮಾತು ತಡವಿಲ್ಲದೆ ಬಂತು. ಬಂದ ಮೇಲೆ ಅವನು ತನ್ನ ಕೈಯಲ್ಲಿದ್ದ ಕೀಲಿಯನ್ನು ನೋಡಿಕೊಂಡ. ಅದನ್ನು ಎರಡೂ ಕೈಯಿಂದ ಅಜ್ಜಾರ ಕಡೆ ಚಾಚಿದ. ಅಜ್ಜಾರು ತೆಗೆದುಕೊಳ್ಳಲಿಲ್ಲ.

‘ನಂಗಿನ್ನ ಇದು ಬ್ಯಾಡ್ರಿ ಅಜ್ಜಾರ. ಏನು ಮಾಡ್ಲಿ ಹೇಳ್ರಿ.’

‘ದಾವಲಬಿ ಕಡೆ ಹೋಗು’ ಎಂದರು ಅಜ್ಜಾರು. ‘ನೀ ಮುಂದ ಹೋದ ಮ್ಯಾಲ ಆಕಿ ಆ ತಗ್ಗಿನ್ಯಾಗ ಎಷ್ಟು ಹೊತ್ತು ಬಿದ್ದಿದ್ಲು, ಕೇಳಿಕೊಂಡ ಬಾ.’